ಹೊಸ ಚೆಂಡಿನ ಮೊದಲ ಒಡೆಯ

ಅದು ಅರಮನೆಗಳ ಕಾಲ. ಭಾರತದ ಕ್ರಿಕೆಟ್ಟು ಆಗ ಮಹಾರಾಜರ ಬೊಕ್ಕಸವನ್ನೂ ಮುಂಬಯಿಯ ಜಿಮಖಾನಗಳ ಅಂಗಳವನ್ನೂ ಪಂಜಾಬಿನ ಕಾಲೇಜು ಬಯಲುಗಳನ್ನೂ ನಂಬಿ ಬದುಕಿತ್ತು. ರಾಜ್ಯಭಾರ ಆಂಗ್ಲರದು, ಆಟವೂ ಅವರಿಂದ ಬಂದದ್ದು. 1926ರ ಚಳಿಗಾಲದಲ್ಲಿ ಆರ್ಥರ್ ಗಿಲಿಗನ್ ಮುಂದಾಳುತನದ ಎಂ.ಸಿ.ಸಿ. ತಂಡ ಹಡಗಿಳಿದು ಬಂದಾಗ, ಡಿಸೆಂಬರ್ 1ರಂದು ಬಾಂಬೆ ಜಿಮಖಾನ ಮೈದಾನದಲ್ಲಿ ಸಿ.ಕೆ. ನಾಯುಡು 11 ಸಿಕ್ಸರ್‌ಗಳ ಸಹಿತ 153 ರನ್ ಹೊಡೆದರು. ಈ ನಾಡಿನವರೂ ಟೆಸ್ಟ್ ಆಡಬಲ್ಲರು ಎಂಬ ಮಾತಿಗೆ ಅಂದು ಬಲ ಬಂತು. 1928ರಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಲಿ ಹುಟ್ಟಿತು. ಉಪ್ಪಿನ ಸತ್ಯಾಗ್ರಹದ ಬಿಸಿಯಲ್ಲಿ ಒಂದು ಪ್ರವಾಸ ರದ್ದಾಯಿತು. ಕೊನೆಗೆ 1932ರ ಬೇಸಿಗೆಗೆ ಇಂಗ್ಲೆಂಡಿನಿಂದ ಕರೆ ಬಂತು. ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕ, ವೆಸ್ಟ್ ಇಂಡೀಸ್, ನ್ಯೂಜಿಲೆಂಡ್‌ಗಳ ನಂತರ ಆರನೆಯ ಟೆಸ್ಟ್ ತಂಡವಾಗಿ ಭಾರತ ನಿಲ್ಲುವ ಗಳಿಗೆ ಅದು.

ಗಳಿಗೆಯೇನೋ ಬಂತು, ಆದರೆ ನಾಡು ನೆಮ್ಮದಿಯಲ್ಲಿರಲಿಲ್ಲ. ಗಾಂಧೀಜಿ ಸೆರೆಯಲ್ಲಿರುವಾಗ ಆಂಗ್ಲರ ನೆಲಕ್ಕೆ ಹೋಗಿ ಆಡುವುದು ಸಲ್ಲದೆಂದು ಮುಂಬಯಿಯ ಹಿಂದೂ ಜಿಮಖಾನ ದೂರ ನಿಂತಿತು. ವಿಜಯ್ ಮರ್ಚೆಂಟ್ ಆ ತಂಡದಲ್ಲಿ ಹೋಗಲಿಲ್ಲ. ನಾಯಕತ್ವ ಸಹಜವಾಗಿಯೇ ರಾಜವಂಶದವರ ಪಾಲಾಯಿತು. ಪೋರಬಂದರಿನ ಮಹಾರಾಜರು ನಾಯಕರು, ಲಿಂಬ್ಡಿಯ ಘನಶ್ಯಾಮಸಿಂಹಜಿ ಉಪನಾಯಕರು. ಟೆಸ್ಟ್ ಪಂದ್ಯದ ಹೊತ್ತಿಗೆ ಪೋರಬಂದರಿನ ದೊರೆ ತಾವಾಗಿ ಹಿಂದೆ ಸರಿದು ಆಟ ಬಲ್ಲವರಿಗೆ ದಾರಿ ಬಿಟ್ಟರು. ಆ ಕಾಲದ ದೊರೆಗಳಲ್ಲಿ ಅಷ್ಟು ವಿವೇಕ ಎಲ್ಲರಿಗೂ ಇರಲಿಲ್ಲವೆಂಬುದನ್ನು ನಾಲ್ಕೇ ವರ್ಷಗಳಲ್ಲಿ ಭಾರತ ಕಂಡಿತು. ಲಿಂಬ್ಡಿಯವರಿಗೆ ಗಾಯವಾಗಿದ್ದರಿಂದ ತಂಡವನ್ನು ಮೈದಾನಕ್ಕಿಳಿಸುವ ಗೌರವ ನಾಯುಡು ಅವರಿಗೆ ದಕ್ಕಿತು. ಅವರ ಬೆನ್ನಿಗೆ ನಡೆದು ಬಂದ ಹತ್ತು ಮಂದಿಯಲ್ಲಿ ಇಪ್ಪತ್ತೊಂದು ವರ್ಷದ ಪಂಜಾಬಿ ಯುವಕರೊಬ್ಬರಿದ್ದರು. ಹೆಸರು ಮೊಹಮ್ಮದ್ ನಿಸಾರ್.

ನಿಸಾರ್ ಹುಟ್ಟಿದ್ದು 1910ರ ಆಗಸ್ಟ್ 1ರಂದು, ಶಿವಾಲಿಕ ಬೆಟ್ಟಸಾಲಿನ ಬುಡದ ಹೋಶಿಯಾರ್‌ಪುರದಲ್ಲಿ. ಓದಿದ್ದು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ. ಆರಡಿಗೂ ಮೀರಿದ ಎತ್ತರ, ಅಗಲವಾದ ಹೆಗಲು, ಗಟ್ಟಿಮುಟ್ಟಾದ ಮೈಕಟ್ಟು. ಹೊಸ ಚೆಂಡು ಕೈಯಲ್ಲಿದ್ದಾಗ ಅವರ ಎಸೆತ ಗಾಳಿಯಲ್ಲಿ ತಿರುಗುತ್ತಿತ್ತು. ನೆಲಕ್ಕೆ ತಾಗಿದ ಮೇಲೆ ಬಲಗೈ ದಾಂಡಿಗನ ಕಡೆಗೆ ಒಳನುಗ್ಗುತ್ತಿತ್ತು. ಮೊದಲ ಕೆಲವು ಓವರುಗಳಲ್ಲಿ ನಿಸಾರ್ ಇಂಗ್ಲೆಂಡಿನ ವೇಗಿ ಲಾರ್ವುಡ್‌ಗಿಂತ ವೇಗದವರು ಎಂದು ನಾಯುಡು ಹೇಳುತ್ತಿದ್ದರೆಂಬ ಮಾತು ಕ್ರಿಕೆಟ್ ವಲಯದಲ್ಲಿ ಇಂದಿಗೂ ಉಳಿದಿದೆ. ನಾಯುಡು ಹೊಗಳಿಕೆಯಲ್ಲಿ ಧಾರಾಳಿಯಾದವರಲ್ಲ. ಮೈದಾನದಲ್ಲಿ ನಿಂತು ಆ ಎಸೆತಗಳನ್ನು ಕಣ್ಣಾರೆ ಕಂಡವರು. ಹಾಗಾಗಿ ಆ ಮಾತಿಗೆ ನಾನು ತೂಕ ಕೊಡುತ್ತೇನೆ.

1932ರ ಜೂನ್ 25, ಶನಿವಾರ. ಲಾರ್ಡ್ಸ್ ಮೈದಾನ. ಇಂಗ್ಲೆಂಡಿನ ನಾಯಕ ಡಗ್ಲಸ್ ಜಾರ್ಡಿನ್ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡರು. ಆಡಲು ಬಂದವರು ಯಾರ್ಕ್‌ಶೈರಿನ ಜೋಡಿ, ಹರ್ಬರ್ಟ್ ಸಟ್‌ಕ್ಲಿಫ್ ಮತ್ತು ಪರ್ಸಿ ಹೋಮ್ಸ್. ಈ ಇಬ್ಬರ ಹೆಸರು ಆ ತಿಂಗಳು ಇಂಗ್ಲೆಂಡಿನ ಮನೆಮನೆಯಲ್ಲೂ ಕೇಳಿಬರುತ್ತಿತ್ತು. ಕೇವಲ ಒಂಬತ್ತು ದಿನಗಳ ಹಿಂದೆ ಲೇಟನ್ ಮೈದಾನದಲ್ಲಿ ಎಸೆಕ್ಸ್ ವಿರುದ್ಧ ಇವರು ಮೊದಲ ವಿಕೆಟ್ಟಿಗೆ 555 ರನ್ ಸೇರಿಸಿ ವಿಶ್ವದಾಖಲೆ ಮಾಡಿದ್ದರು. ಸಟ್‌ಕ್ಲಿಫ್ ಎಂದರೆ ಟೆಸ್ಟ್ ಬಾಳ್ವೆಯುದ್ದಕ್ಕೂ ಅರವತ್ತಕ್ಕೂ ಮಿಕ್ಕ ಸರಾಸರಿ ಉಳಿಸಿಕೊಂಡ ಆಟಗಾರ. ಹೊಸದಾಗಿ ಟೆಸ್ಟ್ ಪಟ್ಟ ಕಟ್ಟಿಕೊಂಡ, ಅರ್ಧದಷ್ಟು ಜನರ ಹೆಸರನ್ನೂ ಸರಿಯಾಗಿ ಉಚ್ಚರಿಸಲಾಗದ ಈ ತಂಡದ ಎದುರು ಅಂಥವರು ಎಷ್ಟು ಹೊತ್ತು ಆಡಿಯಾರು ಎಂಬುದಷ್ಟೇ ಪ್ರೇಕ್ಷಕರ ಕುತೂಹಲವಾಗಿದ್ದಿರಬೇಕು.

ನಿಸಾರ್ ಓಡಿ ಬಂದರು. ಸಟ್‌ಕ್ಲಿಫ್ ಬೌಲ್ಡ್, 3 ರನ್. ಭಾರತದ ಟೆಸ್ಟ್ ಇತಿಹಾಸದ ಮೊಟ್ಟಮೊದಲ ವಿಕೆಟ್ ಅದು. ಹೋಮ್ಸ್ ಬೌಲ್ಡ್, 6 ರನ್. ಐನೂರ ಐವತ್ತೈದರ ಜೋಡಿ ಹನ್ನೊಂದು ರನ್ ಆಗುವಷ್ಟರಲ್ಲಿ ಪೆವಿಲಿಯನ್ ಸೇರಿತ್ತು. ಅನುಭವಿ ಫ್ರಾಂಕ್ ವೂಲಿ ಬಂದರು. ಮಲಯಾದಿಂದ ಬಂದು ತಂಡ ಸೇರಿದ್ದ ಲಾಲ್ ಸಿಂಗ್ ಮಿಂಚಿನಂತೆ ಎರಗಿ ಅವರನ್ನು ರನ್‌ಔಟ್ ಮಾಡಿದರು. ಇಂಗ್ಲೆಂಡ್ 19ಕ್ಕೆ 3. ಆಡಲು ಶುರುಮಾಡಿ ಅರ್ಧ ತಾಸೂ ಆಗಿರಲಿಲ್ಲ.

ಈ ಅರ್ಧ ತಾಸನ್ನು ಕುರಿತು ಬರೆದದ್ದು ನಮ್ಮಲ್ಲಿ ಬಲು ಕಡಿಮೆ. 1983ರ ಲಾರ್ಡ್ಸ್ ಬಾಲ್ಕನಿಯ ಚಿತ್ರವನ್ನು ಗೋಡೆಗೆ ಹಾಕಿಕೊಂಡ ನಾಡು ಇದು. ಅದೇ ಮೈದಾನದಲ್ಲಿ ಅರ್ಧ ಶತಮಾನದ ಹಿಂದೆ, ಆಳುವವರ ರಾಜಧಾನಿಯ ನಡುವೆ, ಆಳಿಸಿಕೊಳ್ಳುತ್ತಿದ್ದವರ ಕಡೆಯ ಒಬ್ಬ ಯುವಕ ಅವರ ಅತ್ಯುತ್ತಮ ಜೋಡಿಯ ಸ್ಟಂಪುಗಳನ್ನು ಕಿತ್ತೆಸೆದ. ವಿಕೆಟ್ ಪಡೆದದ್ದು ಸ್ಪಿನ್ನಿನಿಂದಲ್ಲ, ಜಾಣತನದಿಂದಲೂ ಅಲ್ಲ, ಶುದ್ಧ ವೇಗದಿಂದ. ಇಂಗ್ಲೆಂಡಿನವರು ತಮ್ಮದೇ ಎಂದುಕೊಂಡಿದ್ದ ಅಸ್ತ್ರ ಅದು.

ಪಂದ್ಯ ಮಾತ್ರ ಭಾರತದ ಕೈಗೆ ಬರಲಿಲ್ಲ. ಜಾರ್ಡಿನ್ 79 ಹೊಡೆದು ಬಿರುಕು ಮುಚ್ಚಿದರು. ಲೆಸ್ ಏಮ್ಸ್ 65 ಗಳಿಸಿದ ಮೇಲೆ ಅವರನ್ನೂ ನಿಸಾರ್ ಬೌಲ್ಡ್ ಮಾಡಿದರು. ಇಂಗ್ಲೆಂಡ್ 259ಕ್ಕೆ ಮುಗಿಯಿತು. ನಿಸಾರ್ ಲೆಕ್ಕ: 26 ಓವರು, 93 ರನ್, 5 ವಿಕೆಟ್. ಭಾರತ 189 ಮತ್ತು 187ಕ್ಕೆ ಕುಸಿಯಿತು. ಎರಡನೆಯ ಇನಿಂಗ್ಸಿನಲ್ಲಿ ಅಮರ್ ಸಿಂಗ್ ಹೊಡೆದ 51 ಭಾರತದ ಮೊದಲ ಟೆಸ್ಟ್ ಅರ್ಧಶತಕ. ಇಂಗ್ಲೆಂಡ್ 158 ರನ್ನಿನಿಂದ ಗೆದ್ದಿತು. ಪರ್ಸಿ ಹೋಮ್ಸ್ ಆ ಪಂದ್ಯದ ನಂತರ ಮತ್ತೆಂದೂ ಟೆಸ್ಟ್ ಆಡಲಿಲ್ಲ. ಜಾರ್ಡಿನ್ ಅದೇ ವರ್ಷದ ಚಳಿಗಾಲದಲ್ಲಿ ಲಾರ್ವುಡ್ ಮತ್ತು ವೋಸ್ ಅವರನ್ನು ಮುಂದಿಟ್ಟುಕೊಂಡು ಆಸ್ಟ್ರೇಲಿಯಾಕ್ಕೆ ಹೋಗಿ ಬಾಡಿಲೈನ್ ಬೌಲಿಂಗಿನಿಂದ ಎರಡು ದೇಶಗಳ ಸಂಬಂಧವನ್ನೇ ಕದಡಿದರು. ವೇಗ ಎಂಬುದು ದಾಂಡಿಗನಿಗೆ ಏನು ಮಾಡಬಲ್ಲದೆಂದು ಲಾರ್ಡ್ಸ್‌ನಲ್ಲಿ ಇನ್ನೊಂದು ತುದಿಯಿಂದ ಅವರೂ ಕಂಡಿದ್ದರು.

ಆ ತಂಡದ ಬೌಲಿಂಗ್ ಎರಡು ಕಂಬಗಳ ಮೇಲೆ ನಿಂತಿತ್ತು. ರಾಜಕೋಟೆಯ ಅಮರ್ ಸಿಂಗ್ ನಿಸಾರರಿಗಿಂತ ನಾಲ್ಕು ತಿಂಗಳಿಗೆ ಕಿರಿಯರು. ವೇಗ ತುಸು ಕಡಿಮೆ, ಚಾತುರ್ಯ ಹೆಚ್ಚು. ಪಿಚ್ಚಿಗೆ ಬಿದ್ದ ಚೆಂಡು ಎದ್ದು ಬರುವ ಬಿರುಸು ಅವರದು. ಆ ಬೇಸಿಗೆಯ ಪ್ರಥಮ ದರ್ಜೆ ಪಂದ್ಯಗಳಲ್ಲಿ ಅಮರ್ ಸಿಂಗ್ 111 ವಿಕೆಟ್ ಪಡೆದರು, ನಿಸಾರ್ 18ರ ಆಸುಪಾಸಿನ ಸರಾಸರಿಯಲ್ಲಿ 71 ವಿಕೆಟ್ ಪಡೆದರು. ಮೂರನೆಯವರಾಗಿ ಜಹಾಂಗೀರ್ ಖಾನ್ ಇದ್ದರು, ಮುಂದೆ ಪಾಕಿಸ್ತಾನದ ಪರ ಮೆರೆದ ಮಜೀದ್ ಖಾನರ ತಂದೆ. ಲಾರ್ಡ್ಸ್‌ನ ಎರಡನೆಯ ಇನಿಂಗ್ಸಿನಲ್ಲಿ 60 ರನ್ನಿಗೆ 4 ವಿಕೆಟ್ ಕಿತ್ತವರು. ನಮ್ಮ ಕಡೆಯ ಓದುಗರಿಗೆ ಇನ್ನೊಂದು ಹೆಸರು ಹೇಳಬೇಕು: ಅದೇ ತಂಡದಲ್ಲಿದ್ದ ಫಿರೋಜ್ ಪಾಲಿಯಾ ಮುಂದೆ ಮೈಸೂರು ತಂಡಕ್ಕೆ ಆಡಿದರು, 1981ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ಲಾರ್ಡ್ಸ್‌ನ ಆ ಮೊದಲ ಬೆಳಗನ್ನು ಮೈದಾನದಲ್ಲಿ ನಿಂತು ನೋಡಿದ ಒಬ್ಬರು ನಮ್ಮ ಊರಲ್ಲಿ ಬಾಳಿದ್ದರು.

1933ರ ಡಿಸೆಂಬರ್ 15ರಂದು ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆರಂಭವಾಯಿತು, ಬಾಂಬೆ ಜಿಮಖಾನದಲ್ಲಿ. ಎದುರಾಳಿಗಳ ನಾಯಕ ಮತ್ತೆ ಜಾರ್ಡಿನ್. ಆ ಪಂದ್ಯವನ್ನು ನಾಡು ನೆನೆಯುವುದು ಲಾಲಾ ಅಮರನಾಥರ 118ಕ್ಕಾಗಿ. ಭಾರತೀಯನೊಬ್ಬನ ಮೊದಲ ಟೆಸ್ಟ್ ಶತಕ ಅದು. ಹೆಂಗಸರು ಮೈಮೇಲಿನ ಒಡವೆ ತೆಗೆದುಕೊಟ್ಟರೆಂಬ ಕಥೆಗಳು ಅಂದಿನಿಂದ ಬೆಳೆದು ಬಂದಿವೆ. ಅದೇ ಪಂದ್ಯದಲ್ಲಿ, ಇಂಗ್ಲೆಂಡ್ 438 ರನ್ ಪೇರಿಸಿದ ಇನಿಂಗ್ಸಿನಲ್ಲಿ, ನಿಸಾರ್ 90 ರನ್ನಿಗೆ 5 ವಿಕೆಟ್ ಪಡೆದರು. ಅವರಿಗೆ ಯಾರೂ ಒಡವೆ ಕೊಡಲಿಲ್ಲ. ಶತಕಕ್ಕೆ ಹಾರ, ಐದು ವಿಕೆಟ್ಟಿಗೆ ಒಂದು ಸಾಲು ಎಂಬ ಪದ್ಧತಿ ನಮ್ಮಲ್ಲಿ ಮೊದಲ ದಿನದಿಂದಲೇ ಇತ್ತು.

ಭಾರತ ಆಡಿದ ಮೊದಲ ಏಳು ಟೆಸ್ಟ್‌ಗಳಲ್ಲಿ ನಿಸಾರ್ ಆರರಲ್ಲಿದ್ದರು, ಆರೂ ಇಂಗ್ಲೆಂಡ್ ವಿರುದ್ಧ. ಬೇರೆ ಯಾವ ದೇಶದ ಮೇಲೂ ಟೆಸ್ಟ್ ಆಡುವ ಅವಕಾಶ ಅವರಿಗೆ ಬರಲಿಲ್ಲ. ಆದರೆ 1935–36ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಕರೆಸಿದ ಆಸ್ಟ್ರೇಲಿಯಾದ ತಂಡ ಬಂತು. ಜ್ಯಾಕ್ ರೈಡರ್ ನಾಯಕ. ಮೆಕಾರ್ಟ್ನಿ, ಐರನ್‌ಮಾಂಗರ್‌ರಂಥ ಹಳೆಯ ಹುಲಿಗಳು ಜೊತೆಗೆ. ಅಧಿಕೃತ ಟೆಸ್ಟ್ ಅಲ್ಲದ ನಾಲ್ಕು ಪಂದ್ಯಗಳಲ್ಲಿ ಮೊದಲ ಎರಡನ್ನು ಅವರು ಗೆದ್ದರು. ಲಾಹೋರ್ ಮತ್ತು ಮದರಾಸಿನ ಪಂದ್ಯಗಳನ್ನು ಗೆದ್ದು ಭಾರತ ಸರಿಸಮ ಮಾಡಿಕೊಂಡಿತು. ಆ ಸರಣಿಯಲ್ಲಿ ನಿಸಾರ್ ಕಿತ್ತ ವಿಕೆಟ್ 32. ಅಂಕಿಅಂಶದ ಪುಸ್ತಕಗಳಲ್ಲಿ ಇವಕ್ಕೆ ಟೆಸ್ಟ್ ಮನ್ನಣೆ ಇಲ್ಲ. ನನ್ನ ಎಣಿಕೆಯಲ್ಲಿ ಅವರ ಬದುಕಿನ ಅತ್ಯುತ್ತಮ ತಿಂಗಳುಗಳು ಇವೇ. ಇಪ್ಪತ್ತೈದರ ಹರೆಯ, ಮೈಯಲ್ಲಿ ಪೂರ್ತಿ ಕಸುವು, ಎದುರಿಗೆ ಜಗತ್ತಿನ ಬಲಿಷ್ಠ ನಾಡಿನ ಹೆಸರಾಂತರು.

ಇವುಗಳ ನಡುವೆ ದೇಶದೊಳಗಿನ ಆಟವೂ ರೂಪು ಪಡೆಯುತ್ತಿತ್ತು. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದರಾಸು ಮತ್ತು ಮೈಸೂರು ತಂಡಗಳು ರಣಜಿ ಟ್ರೋಫಿಯ ಮೊದಲ ಪಂದ್ಯ ಆಡಿದವು. ಮೈಸೂರು 48 ಮತ್ತು 59ಕ್ಕೆ ಔಟಾಗಿ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ನಿಸಾರ್ ದಕ್ಷಿಣ ಪಂಜಾಬಿನ ಪರ ಆ ಟ್ರೋಫಿಯಲ್ಲಿ ಆಡಿದರು, ಮುಂಬಯಿಯ ಕೋಮುವಾರು ಟೂರ್ನಿಗಳಲ್ಲಿ ಮುಸ್ಲಿಂ ತಂಡದ ಪರ ಚೆಂಡೆಸೆದರು. 93 ಪ್ರಥಮ ದರ್ಜೆ ಪಂದ್ಯಗಳಲ್ಲಿ 17.70ರ ಸರಾಸರಿಯಲ್ಲಿ 396 ವಿಕೆಟ್ ಅವರ ಒಟ್ಟು ಗಳಿಕೆ. 17 ರನ್ನಿಗೆ 6 ವಿಕೆಟ್ ಅತ್ಯುತ್ತಮ. ವೇಗದ ಬೌಲರನಿಗೆ ಏನನ್ನೂ ಕೊಡದ ನಮ್ಮ ನೆಲದ ಬಿಸಿಲಿನಲ್ಲಿ ಈ ಸರಾಸರಿ ಎಂದರೆ ಸಾಮಾನ್ಯದ ಮಾತಲ್ಲ.

ಇನ್ನು 1936. ಆ ಬೇಸಿಗೆಯ ಕಥೆ ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳದೆ ವಿಧಿಯಿಲ್ಲ. ಇಂಗ್ಲೆಂಡಿಗೆ ಹೊರಟ ತಂಡದ ನಾಯಕ ಪಟ್ಟ ವಿಜಯನಗರಂನ ಮಹಾರಾಜಕುಮಾರರಿಗೆ, ಜನ ‘ವಿಜ್ಜಿ’ ಎಂದು ಕರೆಯುತ್ತಿದ್ದವರಿಗೆ, ಸಿಕ್ಕಿತು. ಮೂರು ಟೆಸ್ಟ್‌ಗಳಲ್ಲಿ ಅವರು ಗಳಿಸಿದ್ದು ಒಟ್ಟು 33 ರನ್. ನಾಯುಡು ಎದುರಿಗಿರುವಾಗಲೇ ಅವರು ನಾಯಕರು. ಪ್ರವಾಸದ ನಡುವೆ ಅವರಿಗೆ ಆಂಗ್ಲ ದೊರೆಯಿಂದ ‘ಸರ್’ ಪದವಿ ಬಂತು. ಅದೇ ಪ್ರವಾಸದಲ್ಲಿ, ಮೊದಲ ಟೆಸ್ಟ್‌ಗೂ ಮುನ್ನ, ಲಾಲಾ ಅಮರನಾಥರನ್ನು ಅಶಿಸ್ತಿನ ಆರೋಪ ಹೊರಿಸಿ ಹಡಗು ಹತ್ತಿಸಿ ಮನೆಗೆ ಕಳಿಸಲಾಯಿತು. ತಂಡ ಒಳಗೊಳಗೇ ಎರಡಾಯಿತು. ಅಮರ್ ಸಿಂಗ್ ಆ ವರ್ಷ ಲಂಕಾಶೈರ್ ಲೀಗಿನಲ್ಲಿ ಕೋಲ್ನ್ ಕ್ಲಬ್ಬಿಗೆ ಸಂಬಳದ ಆಟಗಾರ. ಟೆಸ್ಟ್ ಬಂದಾಗ ಬಂದು ಆಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಹೊಸ ಚೆಂಡಿನ ಭಾರವೆಲ್ಲ ನಿಸಾರರ ಹೆಗಲಿಗೆ ಬಿತ್ತು.

ಲಾರ್ಡ್ಸ್‌ನಲ್ಲಿ ಅಮರ್ ಸಿಂಗ್ 35ಕ್ಕೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 134ಕ್ಕೆ ಹಿಡಿದು 13 ರನ್ ಮುನ್ನಡೆ ತಂದುಕೊಟ್ಟರು. ಮರುಕ್ಷಣ ಭಾರತ 93ಕ್ಕೆ ಕುಸಿಯಿತು. ಮ್ಯಾಂಚೆಸ್ಟರಿನಲ್ಲಿ ಬೌಲರುಗಳಿಗೆ ನೆಲವೇ ವೈರಿಯಾಯಿತು. ಜುಲೈ 27ರ ಒಂದೇ ದಿನ ಎರಡೂ ತಂಡ ಸೇರಿ 588 ರನ್ ಹೊಡೆದವು. ಟೆಸ್ಟ್ ಇತಿಹಾಸದಲ್ಲಿ ಒಂದು ದಿನಕ್ಕೆ ಅಷ್ಟು ರನ್ ಮತ್ತೆ ಬಂದದ್ದಿಲ್ಲ. ಮರ್ಚೆಂಟ್ ಮತ್ತು ಮುಷ್ತಾಕ್ ಅಲಿ ಆಡಿದ 203 ರನ್ನಿನ ಆರಂಭ ಜತೆಯಾಟ ಅಲ್ಲಿ ಭಾರತದ ಮಾನ ಉಳಿಸಿತು.

ಆಗಸ್ಟ್ 15ರಂದು ಓವಲ್ ಮೈದಾನದಲ್ಲಿ ಮೂರನೆಯ ಟೆಸ್ಟ್. ವಾಲಿ ಹ್ಯಾಮಂಡ್ 217, ವರ್ದಿಂಗ್ಟನ್ 128. ನಾಲ್ಕನೆಯ ವಿಕೆಟ್ಟಿಗೆ ಆ ಇಬ್ಬರೇ 266 ಸೇರಿಸಿದರು. ಬಯಲಿನಲ್ಲಿ ಭಾರತೀಯರು ಬಳಲಿ ಬೆಂಡಾಗಿದ್ದರು. ತಂಡದಲ್ಲಿ ಒಬ್ಬರನ್ನೊಬ್ಬರು ನಂಬುವ ಸ್ಥಿತಿ ಇರಲಿಲ್ಲ. ಅಂಥ ದಿನದಲ್ಲೂ ನಿಸಾರ್ ಓಡಿ ಬರುತ್ತಲೇ ಇದ್ದರು. ಇಂಗ್ಲೆಂಡ್ 8 ವಿಕೆಟ್ಟಿಗೆ 471 ಮಾಡಿ ಡಿಕ್ಲೇರ್ ಮಾಡಿದಾಗ, ಬಿದ್ದ ಎಂಟರಲ್ಲಿ ಐದು ಅವರವೇ ಆಗಿದ್ದವು. 120ಕ್ಕೆ 5. ಲಾರ್ಡ್ಸ್‌ನ 93ಕ್ಕೆ 5ಕ್ಕಿಂತ ಈ ಐದು ವಿಕೆಟ್ ದೊಡ್ಡವು ಎಂಬುದು ನನ್ನ ನಿಲುವು. ಅಲ್ಲಿ ಹೊಸ ಚೆಂಡು, ಹೊಸ ಹುರುಪು, ನಾಯುಡು ಅವರಂಥ ನಾಯಕ ಇದ್ದರು. ಇಲ್ಲಿ ಅವರ ಬೆನ್ನಿಗೆ ಅವರ ಮೈಬಲವೊಂದೇ ಇತ್ತು.

ಅದು ನಿಸಾರರ ಕೊನೆಯ ಟೆಸ್ಟ್ ಆಯಿತು. ಇಪ್ಪತ್ತಾರು ತುಂಬಿ ಎರಡು ವಾರ ಕಳೆದಿತ್ತು ಅಷ್ಟೆ. ಆರು ಟೆಸ್ಟ್, 28.28ರ ಸರಾಸರಿಯಲ್ಲಿ 25 ವಿಕೆಟ್, ಮೂರು ಬಾರಿ ಇನಿಂಗ್ಸಿಗೆ ಐದು. ಅವರನ್ನು ಯಾರೂ ಕೈಬಿಡಲಿಲ್ಲ, ಅವರ ವೇಗವೂ ಬತ್ತಿರಲಿಲ್ಲ. ಆಡಲು ಟೆಸ್ಟ್‌ಗಳೇ ಇರಲಿಲ್ಲ. 1939–40ಕ್ಕೆ ಗೊತ್ತಾಗಿದ್ದ ಎಂ.ಸಿ.ಸಿ. ಪ್ರವಾಸವನ್ನು ಮಹಾಯುದ್ಧ ನುಂಗಿತು. 1936ರ ಆಗಸ್ಟಿನಿಂದ 1946ರ ಜೂನ್‌ವರೆಗೆ ಹತ್ತು ವರ್ಷ ಭಾರತ ಒಂದು ಟೆಸ್ಟನ್ನೂ ಆಡಲಿಲ್ಲ. ದಾಂಡಿಗರು ಹತ್ತು ವರ್ಷ ಕಾಯಬಲ್ಲರು: ಮರ್ಚೆಂಟ್ ಕಾದರು, ಮುಷ್ತಾಕ್ ಅಲಿ ಕಾದರು, 1946ರ ಇಂಗ್ಲೆಂಡಿನಲ್ಲಿ ಮತ್ತೆ ಮೆರೆದರು. ಇಪ್ಪತ್ತಾರರಿಂದ ಮೂವತ್ತಾರರವರೆಗಿನ ಕಾಲ ವೇಗದ ಬೌಲರನಿಗೆ ಇಡೀ ಆಯುಸ್ಸೇ ಆಗಿರುತ್ತದೆ.

ಜೊತೆಗಾರನೂ ಹೋದರು. 1940ರ ಮೇ 21ರಂದು ಜಾಮನಗರದಲ್ಲಿ ನ್ಯುಮೋನಿಯಾದಿಂದ ಅಮರ್ ಸಿಂಗ್ ತೀರಿಕೊಂಡರು. ವಯಸ್ಸು ಇಪ್ಪತ್ತೊಂಬತ್ತು, ಏಳು ಟೆಸ್ಟ್, 28 ವಿಕೆಟ್. ಎರಡು ಕಂಬಗಳಲ್ಲಿ ಒಂದು ಹೀಗೆ ನೆಲಕ್ಕುರುಳಿತು. ಇನ್ನೊಂದನ್ನು 1947 ಗಡಿಯಾಚೆ ನಿಲ್ಲಿಸಿತು. ನಿಸಾರ್ ಹುಟ್ಟಿದ ಹೋಶಿಯಾರ್‌ಪುರ ಭಾರತದಲ್ಲಿ ಉಳಿಯಿತು, ಅವರು ಓದಿದ ಲಾಹೋರ್ ಪಾಕಿಸ್ತಾನಕ್ಕೆ ಸೇರಿತು, ಅವರು ಲಾಹೋರಿನವರಾದರು. ಆಸ್ಟ್ರೇಲಿಯಾ ಪ್ರವಾಸಕ್ಕೆ ಆಯ್ಕೆಯಾಗಿದ್ದ ಇನ್ನೊಬ್ಬ ಪಂಜಾಬಿ ಫಜಲ್ ಮಹಮೂದ್ ವಿಭಜನೆಯ ಗೊಂದಲದಲ್ಲಿ ತಂಡ ಬಿಟ್ಟು, ಐದು ವರ್ಷಗಳ ನಂತರ ಲಖನೌದಲ್ಲಿ ಭಾರತದ ವಿರುದ್ಧವೇ 12 ವಿಕೆಟ್ ಕಿತ್ತರು. ವೇಗದ ಬೌಲರುಗಳನ್ನು ಬೆಳೆಸಿದ್ದ ಭಾಗವೇ ಹೆಚ್ಚುಕಡಿಮೆ ಕೈತಪ್ಪಿತ್ತು. 1963ರ ಮಾರ್ಚ್ 11ರಂದು ನಿಸಾರ್ ಲಾಹೋರಿನಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೆರಡು ವರ್ಷ.

ಪಾಕಿಸ್ತಾನದ ದಾಖಲೆಯಲ್ಲಿ ಅವರು ಟೆಸ್ಟ್ ಆಟಗಾರರಲ್ಲ, ಆ ದೇಶದ ಪರ ಆಡಿದವರೇ ಅಲ್ಲ. ಭಾರತದ ದಾಖಲೆಯಲ್ಲಿ ಇದ್ದಾರೆ, ಭಾರತದ ನೆನಪಿನಲ್ಲಿಲ್ಲ. ಎರಡು ಮನೆಯ ನಡುವೆ ಹೀಗೆ ಕಳೆದುಹೋದ ಹೆಸರುಗಳು ಸಂಗೀತದಲ್ಲಿ, ಸಾಹಿತ್ಯದಲ್ಲಿ ಹಲವಿವೆ. ಅಲ್ಲೆಲ್ಲ ಹುಡುಕಿ ತೆಗೆಯುವ ಅಭಿಮಾನಿಗಳಿದ್ದಾರೆ. ನಿಸಾರರ ಪಾಲಿಗೆ ಅಂಥವರು ವಿರಳ.

ಅವರ ನಂತರ ಭಾರತ ಏನನ್ನು ಕಳೆದುಕೊಂಡಿತೆಂದು ತಿಳಿಯಲು 1967ರ ಎಜ್‌ಬಾಸ್ಟನ್ ಟೆಸ್ಟ್ ಒಂದು ಸಾಕು. ಅಂದು ಭಾರತ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರನ್ನೂ ಆಡಿಸಿತು. ಹೊಸ ಚೆಂಡು ಎಸೆಯಲು ವೇಗದವರೇ ಇರಲಿಲ್ಲ. ನಾಯಕ ಪಟೌಡಿ ಅದನ್ನು ಕೊಟ್ಟದ್ದು ವಿ. ಸುಬ್ರಹ್ಮಣ್ಯ ಮತ್ತು ಬುಧಿ ಕುಂದರನ್ ಅವರಿಗೆ, ಇಬ್ಬರೂ ನಮ್ಮ ಮೈಸೂರು ತಂಡದವರು. ಮೂಲ್ಕಿಯ ಕುಂದರನ್ ವಿಕೆಟ್ ಕೀಪರ್ ಎಂದು ಹೆಸರಾದವರು. ಚೆಂಡಿನ ಹೊಳಪು ಬೇಗ ಅಳಿದರೆ ಸಾಕು, ಸ್ಪಿನ್ನರುಗಳ ಕೈಗೆ ಬರಲಿ ಎಂಬುದಷ್ಟೇ ಆ ಓವರುಗಳ ಉದ್ದೇಶ. ನಿಸಾರ್ ಹ್ಯಾಮಂಡರ ತಂಡದ ಐದು ವಿಕೆಟ್ ಕಿತ್ತ ದೇಶದಲ್ಲೇ, ಮೂವತ್ತೊಂದು ವರ್ಷಗಳ ನಂತರ, ಭಾರತಕ್ಕೆ ಹೊಸ ಚೆಂಡು ಒಂದು ಹೊರೆಯಾಗಿತ್ತು.

ನಮ್ಮ ಪ್ರಸನ್ನ, ಚಂದ್ರಶೇಖರರ ಹಿರಿಮೆಯನ್ನು ಇದು ಕುಂದಿಸುವುದಿಲ್ಲ. ಆದರೆ ಆ ಸ್ಪಿನ್ನರುಗಳ ಪ್ರಭೆಯಲ್ಲಿ ಒಂದು ತಪ್ಪು ನಂಬಿಕೆ ಬೇರೂರಿತು: ಭಾರತೀಯರ ಮೈ ವೇಗಕ್ಕೆ ಹೇಳಿದ್ದಲ್ಲ, ಸ್ಪಿನ್ನೇ ನಮ್ಮ ಸ್ವಭಾವ ಎಂದು. ರಮಾಕಾಂತ್ ದೇಸಾಯಿ ತಮ್ಮ ಪುಟ್ಟ ದೇಹದಲ್ಲಿ ಅದರ ವಿರುದ್ಧ ಒಬ್ಬರೇ ಹೋರಾಡಿ 28 ಟೆಸ್ಟ್‌ಗಳಲ್ಲಿ 74 ವಿಕೆಟ್ ಗಳಿಸಿದರು. 1978ರಲ್ಲಿ ಕಪಿಲ್ ದೇವ್ ಬಂದಾಗ ವೇಗ ಎಂಬುದು ಭಾರತದಲ್ಲಿ ಆಗಷ್ಟೇ ಹುಟ್ಟಿತೆಂಬಂತೆ ಬರೆದರು. ಮೈಸೂರಿನ ಜಾವಗಲ್ ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದು ನಮ್ಮ ನೆಲದಲ್ಲೂ ಅಪ್ಪಟ ವೇಗ ಬೆಳೆಯುತ್ತದೆಂದು ತೋರಿಸಿದಾಗಲೂ ಅದನ್ನೊಂದು ಅಪವಾದವೆಂದೇ ಕಂಡರು. ಭಾರತದ ಟೆಸ್ಟ್ ಬಾಳು ಶುರುವಾದದ್ದೇ ಇಬ್ಬರು ವೇಗಿಗಳಿಂದ, ಮೊದಲ ವಿಕೆಟ್ ಬಿದ್ದದ್ದೇ ವೇಗಕ್ಕೆ ಎಂಬುದನ್ನು ನೆನಪಿಟ್ಟಿದ್ದರೆ ಆ ನಂಬಿಕೆ ಅಷ್ಟು ದಿನ ಬಾಳುತ್ತಿರಲಿಲ್ಲ. ಎಷ್ಟೋ ಹುಡುಗರಿಗೆ ಕೋಚುಗಳು ವೇಗ ಬಿಟ್ಟು ಸ್ಪಿನ್ ಹಿಡಿ ಎಂದು ಹೇಳುತ್ತಿರಲಿಲ್ಲವೇನೋ.

2006ರಲ್ಲಿ ಎರಡೂ ದೇಶಗಳ ಮಂಡಲಿಗಳು ಸೇರಿ ಒಂದು ಒಳ್ಳೆಯ ಕೆಲಸ ಮಾಡಿದವು. ಭಾರತದ ರಣಜಿ ವಿಜೇತರಿಗೂ ಪಾಕಿಸ್ತಾನದ ಕಾಯಿದ್-ಎ-ಆಜಮ್ ಟ್ರೋಫಿ ವಿಜೇತರಿಗೂ ವರ್ಷಕ್ಕೊಂದು ಪಂದ್ಯ ಇಟ್ಟು ಅದಕ್ಕೆ ಮೊಹಮ್ಮದ್ ನಿಸಾರ್ ಟ್ರೋಫಿ ಎಂದು ಹೆಸರಿಟ್ಟವು. ಮೊದಲ ಪಂದ್ಯ ಧರ್ಮಶಾಲಾದಲ್ಲಿ. ಸಿಯಾಲ್‌ಕೋಟ್ ತಂಡ ಉತ್ತರ ಪ್ರದೇಶವನ್ನು ಸೋಲಿಸಿತು. ಮರುವರ್ಷ ಕರಾಚಿಯಲ್ಲಿ, 2008ರಲ್ಲಿ ದೆಹಲಿಯಲ್ಲಿ ಆಡಿದರು. ಆಮೇಲೆ ನಿಂತಿತು. ದೇಶಗಳ ನಡುವಿನ ಬಿಗುವು ಆಟದ ಮೈದಾನವನ್ನೂ ಮುಚ್ಚಿತು, ಇಂದಿಗೂ ತೆರೆದಿಲ್ಲ.

ಆ ಟ್ರೋಫಿ ಮತ್ತೆ ನಡೆಯಲಿ, ನಡೆಯದಿರಲಿ. ಅದು ನಮ್ಮ ನಿಮ್ಮ ಕೈಯಲ್ಲಿಲ್ಲ. ಆದರೆ ಶಾಲೆಯ ಮೈದಾನದಲ್ಲಿ ಹೊಸ ಚೆಂಡು ಹಿಡಿದ ಹುಡುಗ ಹುಡುಗಿಯರಿಗೆ ಭಾರತದ ವೇಗದ ಬೌಲರುಗಳ ಪಟ್ಟಿ ಹೇಳುವಾಗ, ದಯವಿಟ್ಟು 1978ರಿಂದ ಶುರುಮಾಡಬೇಡಿ. 1932ರಿಂದ ಶುರುಮಾಡಿ, ಮೊದಲ ಹೆಸರು ನಿಸಾರ್ ಎಂದು ಹೇಳಿ.